ತಡವಾಗಿ ತೀರ್ಮಾನಿಸುವ ಜಾಣ್ಮೆ

ಪ್ರೊಸೆಸರ್ ಪಕ್ಕದ ಕ್ಯಾಶ್ ಮೆಮೊರಿ ವೇಗದ್ದು, ಆದರೆ ಇಕ್ಕಟ್ಟಿನದು. ಹೊಸ ಡೇಟಾ ಬಂತೆಂದರೆ ಒಳಗಿರುವ ಯಾವುದೋ ಒಂದು ಜಾಗ ಬಿಡಬೇಕು. ಯಾವುದು? ಆಯ್ಕೆ ತಪ್ಪಿದರೆ, ಈಗಷ್ಟೇ ಹೊರಹಾಕಿದ್ದನ್ನು ಮುಖ್ಯ ಮೆಮೊರಿಯಿಂದ ಮತ್ತೆ ತರಲು ನೂರಾರು ಸೈಕಲ್ ದಂಡ.

ಇದಕ್ಕೆ ಅತ್ಯುತ್ತಮ ಉತ್ತರ 1966ರಿಂದಲೂ ನಮ್ಮೆದುರಿಗಿದೆ. ವರ್ಚುವಲ್ ಮೆಮೊರಿಯ ಬಗ್ಗೆ ಬರೆಯುತ್ತಾ ಐಬಿಎಂನ ಬೆಲಾಡಿ ಕೊಟ್ಟ ಸೂತ್ರ ಅದು: ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ಕಳಿಸು. ಆದರೆ ಮುಂದಿನದು ಚಿಪ್‌ಗೆ ಹೇಗೆ ಗೊತ್ತಾಗಬೇಕು! ಹಾಗಾಗಿ ಬಹುಕಾಲ ಎಲ್ಲರೂ ನೆಚ್ಚಿಕೊಂಡದ್ದು ಎಲ್‌ಆರ್‌ಯು ನೀತಿಯನ್ನು, ಅಂದರೆ ಬಳಸಿ ಬಹಳ ಹೊತ್ತಾದದ್ದನ್ನು ತೆಗೆಯುವ ಪದ್ಧತಿಯನ್ನು. ಅದರ ದೌರ್ಬಲ್ಯ ಕಾಣಲು ಕಾಗದ ಪೆನ್ಸಿಲ್ ಸಾಕು. ನಾಲ್ಕು ಜಾಗ, ಕ ಖ ಗ ಘ ಙ ಎಂದು ಸುತ್ತುತ್ತಲೇ ಇರುವ ಐದು ಡೇಟಾ. ಎಲ್‌ಆರ್‌ಯು ಪ್ರತಿ ಸಲವೂ ಮರುಕ್ಷಣ ಬೇಕಾಗುವುದನ್ನೇ ಹೊರಗಟ್ಟುತ್ತದೆ, ಒಂದೂ ಸಿಗುವುದಿಲ್ಲ. ಬೆಲಾಡಿ ಸೂತ್ರಕ್ಕೆ ನಾಲ್ಕರಲ್ಲಿ ಮೂರು ಸಿಗುತ್ತವೆ.

ಈ ಅಂತರವನ್ನು ಕಿರಿದಾಗಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ರಾಜನ್ ಮತ್ತು ಆರ್. ಗೋವಿಂದರಾಜನ್ 2007ರಲ್ಲಿ ಮಂಡಿಸಿದ ‘ಶೆಫರ್ಡ್ ಕ್ಯಾಶ್’ ನನಗೆ ತೀರಾ ಮೆಚ್ಚು. ಅವರು ಎರಡನೇ ಹಂತದ ಕ್ಯಾಶನ್ನು ಎರಡು ಪಾಲು ಮಾಡಿದರು. ಹೊಸದಾಗಿ ಬಂದದ್ದು ಮೊದಲು ಚಿಕ್ಕ ಪಾಲಿನಲ್ಲಿ, ಬಂದ ಸರದಿಯಂತೆ ಕಾಯುತ್ತದೆ. ಅದು ಕಾಯುತ್ತಿರುವಷ್ಟೂ ಹೊತ್ತು ಅದರ ಹೆಸರಿನಲ್ಲಿ ಒಂದು ಲೆಕ್ಕ ನಡೆದಿರುತ್ತದೆ: ಇದು ಬಂದಮೇಲೆ ಯಾರಿಗೆ ಮೊದಲು ಕರೆ ಬಂತು, ಯಾರಿಗೆ ಆಮೇಲೆ, ಯಾರಿಗೆ ಬರಲೇ ಇಲ್ಲ. ಸರದಿ ಮುಗಿದು ದೊಡ್ಡ ಪಾಲಿಗೆ ಹೋಗುವಾಗ ಆ ಲೆಕ್ಕ ನೋಡಿ ಒಂದನ್ನು ಕಳಿಸುತ್ತಾರೆ. ಅದು ಬಂದ ಗಳಿಗೆಯಲ್ಲಿ ಭವಿಷ್ಯವಾಗಿದ್ದದ್ದು ಈಗ ಕಣ್ಣೆದುರು ನಡೆದುಹೋದ ಸಂಗತಿ. ಊಹೆ ಬೇಕಿಲ್ಲ, ತೀರ್ಮಾನವನ್ನು ಒಂದಿಷ್ಟು ಮುಂದೂಡಿದರಾಯಿತು. 2 ಎಂಬಿ ಕ್ಯಾಶ್‌ನಲ್ಲಿ ಎಲ್‌ಆರ್‌ಯುಗೂ ಬೆಲಾಡಿಗೂ ನಡುವಿನ ಅಂತರದ ಶೇ. 40ರಷ್ಟು ತುಂಬಿತು, ಒಟ್ಟಾರೆ ವೇಗ ಶೇ. 7ರಷ್ಟು ಏರಿತು.

ಇಂಥದ್ದನ್ನು ಪರೀಕ್ಷಿಸಲು ಯಾರೂ ಚಿಪ್ ಮಾಡಿಸುವುದಿಲ್ಲ. ಯಾದಗಿರಿ ಜಿಲ್ಲೆಯ ಬಳಿಚಕ್ರದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಎಟಕುವ ಕೆಲಸ ಇದು. ‘ಚಾಂಪ್‌ಸಿಮ್’ ಎಂಬ ಸಿಮ್ಯುಲೇಟರ್ ಉಚಿತ. ನಿಜವಾದ ಪ್ರೋಗ್ರಾಂ ಓಡಿದ ದಾಖಲೆಯನ್ನು, ಅಂದರೆ ಟ್ರೇಸನ್ನು, ಅದಕ್ಕೆ ಉಣಿಸಬೇಕು (ಈ ಕಡತಗಳು ಭಾರೀ ಗಾತ್ರದವು, ನೆಟ್ ಚೆನ್ನಾಗಿರಲಿ). ನೀತಿಗೆಂದು ನಾವು ಸಿ++ನಲ್ಲಿ ಬರೆಯುವ ಭಾಗ ಚಿಕ್ಕದು: ಯಾರನ್ನು ಕಳಿಸಬೇಕೆಂದು ಆರಿಸುವ ಒಂದು ಫಂಕ್ಷನ್, ಪ್ರತಿ ಬಳಕೆಯಾದಾಗ ಲೆಕ್ಕ ತಿದ್ದುವ ಇನ್ನೊಂದು.

ಕಸುಬುದಾರಿಕೆ ಇರುವುದು ಕೋಡಿಗಿಂತ ಮಿತವ್ಯಯದಲ್ಲಿ. ಸಿಮ್ಯುಲೇಟರಿನಲ್ಲಿ ಎಷ್ಟು ದೊಡ್ಡ ಪಟ್ಟಿ ಬೇಕಾದರೂ ಇಟ್ಟುಕೊಳ್ಳಬಹುದು. ಸಿಲಿಕಾನಿನಲ್ಲಿ ಆ ಸಲಿಗೆ ಇಲ್ಲ. 64 ಬೈಟಿನ ಸಾಲುಗಳಾದರೆ 2 ಎಂಬಿಗೆ 32,768 ಸಾಲು. ಸಾಲಿಗೆ ಎರಡೇ ಬಿಟ್ ಗುರುತು ಇಟ್ಟರೂ 8 ಕೆಬಿ ಹೋಯಿತು. 2017ರ ಕ್ಯಾಶ್ ನೀತಿಗಳ ಸ್ಪರ್ಧೆಯಲ್ಲಿ ಇಷ್ಟೇ ದೊಡ್ಡ ಕ್ಯಾಶಿಗೆ ಕೊಟ್ಟಿದ್ದ ಮಿತಿ 32 ಕೆಬಿ. ಇನ್ನೊಂದು ಶಿಸ್ತು, ಕ್ಯಾಶ್ ಖಾಲಿ ಇರುವಾಗಿನ ಅಂಕಿ ಹಿಡಿಯಬಾರದು. ಮೊದಲೊಂದಿಷ್ಟು ಓಡಿಸಿ ತುಂಬಿಸಿಕೊಂಡು ಆಮೇಲೆ ಎಣಿಕೆ. ಎಣಿಸುವುದೂ ಬರೀ ತಪ್ಪಿದ ಸಲಗಳನ್ನಲ್ಲ, ಕಾಲವನ್ನು. ಎರಡು ತಪ್ಪುಗಳು ಒಟ್ಟೊಟ್ಟಿಗೆ ಮೆಮೊರಿಗೆ ಹೋಗಿಬಂದರೆ ಪ್ರೊಸೆಸರ್ ಕಾಯುವುದು ಹೆಚ್ಚುಕಡಿಮೆ ಒಂದರಷ್ಟೇ.