ಪಿಯುಸಿ ಲ್ಯಾಬಿನ ಕಿತ್ತಳೆ ಗಸಿಯೂ ರಕ್ತದ ಪ್ರೊಟೀನೂ

ಕಾಪುವಿನ ಓದುಗರೊಬ್ಬರ ಪ್ರಶ್ನೆ: ವಯಸ್ಸಾದಂತೆ ಮೈಯೊಳಗೆ ತುಕ್ಕು ಹಿಡಿಯುತ್ತದಂತೆ, ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆಯೇ? ತಾಮ್ರದ ಚೊಂಬಿನ ನೀರು ಕುಡಿದರೆ ನಿಲ್ಲುತ್ತದೆಯೇ?

ಮೊದಲನೆಯದಕ್ಕೆ ಉತ್ತರ, ತಕ್ಕಮಟ್ಟಿಗೆ ಹೌದು. ಖುಷಿಯ ಸಂಗತಿಯೆಂದರೆ, ಅದನ್ನು ಪತ್ತೆಹಚ್ಚುವ ರಾಸಾಯನಿಕ ಕಾರ್ಕಳದ ಭುವನೇಂದ್ರದಲ್ಲೋ ಉಡುಪಿಯ ಎಂಜಿಎಂ ಕಾಲೇಜಿನಲ್ಲೋ ಪಿಯುಸಿ ವಿಜ್ಞಾನ ಓದಿದವರಿಗೆ ಹಳೆಯ ಪರಿಚಯ. ಪ್ರಾಕ್ಟಿಕಲ್‌ನಲ್ಲಿ ಅಸಿಟೋನಿಗೆ 2,4-ಡಿಎನ್‌ಪಿ ಹನಿಸಿದ ಕೂಡಲೇ ಹಳದಿ-ಕಿತ್ತಳೆ ಗಸಿ ಇಳಿಯುತ್ತದಲ್ಲ, ಅದೇ! ಮೈಯೊಳಗಿನ ಆ ತುಕ್ಕು ಹಿಡಿಯುವುದು ಹೀಗೆ: ಫ್ರೀ ರ್ಯಾಡಿಕಲ್‌ಗಳೆಂಬ ಚುರುಕು ಅಣುಗಳು ಪ್ರೊಟೀನಿಗೆ ಬಡಿದಾಗ ಅದರ ಲೈಸಿನ್, ಆರ್ಜಿನಿನ್, ಪ್ರೋಲಿನ್‌ಗಳ ಮೇಲೆ ಕಾರ್ಬೊನಿಲ್ ಗುಂಪು ಮೂಡುತ್ತದೆ. ಅಸಿಟೋನಿನಲ್ಲಿ ಇರುವುದೂ ಅದೇ ಗುಂಪು. ಸೀಸೆಯ ಅಸಿಟೋನಾದರೇನು, ರಕ್ತದ ಅಲ್ಬುಮಿನ್ ಆದರೇನು, ಕಾರ್ಬೊನಿಲ್ ಸಿಕ್ಕರೆ ಡಿಎನ್‌ಪಿ ಅಂಟಿಕೊಳ್ಳುತ್ತದೆ. ಅಮೆರಿಕದ ರಾಡ್ನಿ ಲೆವಿನ್ ಮತ್ತು ಸಂಗಡಿಗರು 1990ರಲ್ಲಿ ಈ ವಿಧಾನವನ್ನು ವಿವರವಾಗಿ ಬರೆದಿಟ್ಟರು.

ಕೆಲಸ ಮಾತ್ರ ಪಿಯುಸಿಯಷ್ಟು ಸಲೀಸಲ್ಲ. ಪ್ಲಾಸ್ಮಾಕ್ಕೆ ಡಿಎನ್‌ಪಿ ದ್ರಾವಣ ಬೆರೆಸಿ ಒಂದು ಗಂಟೆ ಕತ್ತಲಲ್ಲಿಡಬೇಕು. ಆಮ್ಲ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೊಳವೆಯ ತಳದಲ್ಲಿ ಪ್ರೊಟೀನು ಹಳದಿ ಉಂಡೆಯಾಗಿ ಕೂರುತ್ತದೆ. ಆ ಹಳದಿಯನ್ನು ನಂಬಿದಿರೋ ಕೆಟ್ಟಿರಿ. ಯಾವುದಕ್ಕೂ ಅಂಟದೆ ಉಳಿದ ಡಿಎನ್‌ಪಿಯೂ ಅದರಲ್ಲಿ ಸೇರಿರುತ್ತದೆ. ಎಥನಾಲ್ ಮತ್ತು ಈಥೈಲ್ ಅಸಿಟೇಟ್ ಮಿಶ್ರಣದಲ್ಲಿ ಮತ್ತೆ ಮತ್ತೆ ತೊಳೆದು, ಗ್ವಾನಿಡಿನ್‌ನಲ್ಲಿ ಕರಗಿಸಿ, 370 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಅದೆಷ್ಟು ಹೀರುತ್ತದೆಂದು ಅಳೆಯಬೇಕು. ರಕ್ತ ತೆಗೆಯುವಾಗ ಕೆಂಪುಕಣ ಒಡೆದಿದ್ದರೆ ಇನ್ನೊಂದು ಫಜೀತಿ: ಹಿಮೋಗ್ಲೋಬಿನ್ ಕೂಡ ಆ ಬೆಳಕನ್ನು ನುಂಗುತ್ತದೆ. ಅದಕ್ಕೇ ಡಿಎನ್‌ಪಿ ಹಾಕದ ಜೊತೆ ಕೊಳವೆಯೊಂದನ್ನು ಇಟ್ಟು ಅದರ ಲೆಕ್ಕ ಕಳೆಯುವುದು.

ಏಟು ಬಿದ್ದ ಪ್ರೊಟೀನಿನಲ್ಲಿ ಕಾರ್ಬೊನಿಲ್ ಏರಿದರೆ, ಗಂಧಕವಿರುವ ಥಯಾಲ್ ಗುಂಪು ಇಳಿಯುತ್ತದೆ. ಜಾರ್ಜ್ ಎಲ್ಮನ್ 1959ರಲ್ಲಿ ಕೊಟ್ಟ ರಾಸಾಯನಿಕ ಥಯಾಲ್ ಸಿಕ್ಕಲ್ಲಿ ಹಳದಿಯಾಗುತ್ತದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಜೀವರಸಾಯನ ವಿಭಾಗದವರು ಥಯಾಲ್ ಬೆನ್ನುಹತ್ತಿದವರು. ನಾನಾ ಕಾಯಿಲೆಗಳಲ್ಲಿ ಅದರ ಏರಿಳಿತ ಕುರಿತ ಅವರ ಸಮೀಕ್ಷಾ ಲೇಖನ 2009ರಲ್ಲಿ ಬಂತು.

ಇನ್ನು ತಾಮ್ರದ ಚೊಂಬು. ಅಜ್ಜಿಯ ಚೊಂಬಿನ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಅದನ್ನು 'ಆಂಟಿಆಕ್ಸಿಡೆಂಟ್' ಎಂದು ವಾಟ್ಸ್‌ಆ್ಯಪಿನಲ್ಲಿ ಹಂಚುವವರು ಕೇಳಿ: ಹೈಡ್ರೊಜನ್ ಪೆರಾಕ್ಸೈಡನ್ನು ಒಡೆದು ಫ್ರೀ ರ್ಯಾಡಿಕಲ್ ಹುಟ್ಟಿಸುವುದೇ ಕಬ್ಬಿಣ, ತಾಮ್ರಗಳ ಬಿಡಿ ಅಯಾನುಗಳು. ಲ್ಯಾಬಿನಲ್ಲಿ ಪ್ರೊಟೀನನ್ನು ಬೇಕೆಂದೇ ಕೆಡಿಸಲು ಇವನ್ನೇ ಹಾಕುತ್ತಾರೆ! ಆಂಟಿಆಕ್ಸಿಡೆಂಟ್ ಮಾತ್ರೆಗಳ ಕತೆಯೂ ಅಷ್ಟೆ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಿತ್ತು: ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು.

ಕಾರ್ಬೊನಿಲ್, ಥಯಾಲ್ ಪರೀಕ್ಷೆಗಳು ಸದ್ಯಕ್ಕೆ ಸಂಶೋಧಕರ ಸಲಕರಣೆಗಳು. ಸಕ್ಕರೆಗೆ ಇರುವಂತೆ ಎಲ್ಲರೂ ಒಪ್ಪಿದ ಮಿತಿ ಇವಕ್ಕಿಲ್ಲ. ಪರೀಕ್ಷೆಗೆಂದು ದುಡ್ಡು ತೆಗೆದಿಟ್ಟಿದ್ದರೆ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ. ಬೀಡಿ ಸೇದುವವರಾದರೆ ಮೊದಲು ಅದನ್ನು ಬಿಡಿ.