ಚರ್ಮದಲ್ಲಿ ಉಳಿಯುವ ಸಕ್ಕರೆಯ ಲೆಕ್ಕ

ಸಕ್ಕರೆ ಕಾಯಿಲೆ ಇರುವವರಿಗೆಲ್ಲ 'ಮೂರು ತಿಂಗಳ ಸರಾಸರಿ' ಗೊತ್ತು. ಎಚ್‌ಬಿಎ1ಸಿ ಎಂಬ ಆ ಪರೀಕ್ಷೆ, ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಹೇಳುತ್ತದೆ. ಕಣದ ಆಯುಷ್ಯ ಸುಮಾರು 120 ದಿನ. ಕಣ ಸತ್ತರೆ ಅದರ ಲೆಕ್ಕವೂ ಹೋಯಿತು. ಕಣ್ಣು, ಮೂತ್ರಪಿಂಡ, ನರಗಳು ಕೆಡುವುದಾದರೋ ಹತ್ತಾರು ವರ್ಷಗಳಲ್ಲಿ. ಅಷ್ಟು ಹಳೆಯ ಕಡತ ಬೇಕೆಂದರೆ ಬೇಗ ಬದಲಾಗದ ವಸ್ತುವೊಂದನ್ನು ಹುಡುಕಬೇಕು. ಚರ್ಮದ ಕೊಲಾಜೆನ್ ಅಂಥದ್ದು. ಅದರ ಅರ್ಧ ಭಾಗ ಹೊಸದಾಗಲು ಸುಮಾರು 15 ವರ್ಷ ಹಿಡಿಯುತ್ತದೆ.

ಹೆಂಚಿನ ಮೇಲಿನ ರೊಟ್ಟಿ ಕಂದುಬಣ್ಣಕ್ಕೆ ತಿರುಗುವುದರ ಹಿಂದೆ ಸಕ್ಕರೆ ಮತ್ತು ಪ್ರೊಟೀನ್‌ ಅಂಶಗಳ ನಡುವಿನ ಒಂದು ಕ್ರಿಯೆಯಿದೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಆ ಕ್ರಿಯೆ, ಬೆಂಕಿಯಿಲ್ಲದೆಯೇ, ನಮ್ಮ ಮೈಯ ಶಾಖದಲ್ಲಿ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಕೊನೆಗೆ ಉಳಿಯುವ ಪದಾರ್ಥಗಳು ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಪೆಡಸು ಮಾಡುತ್ತವೆ. ಇವುಗಳಲ್ಲಿ ಕೆಲವಕ್ಕೆ ಅತಿನೇರಳೆ ಬೆಳಕು ಬಿದ್ದರೆ ಹೊಳೆಯುವ ಗುಣವಿದೆ. ದೀರ್ಘಕಾಲ ಮಧುಮೇಹ ಇದ್ದವರಲ್ಲಿ ಈ ಹೊಳಪು ಹೆಚ್ಚಿದ್ದಷ್ಟೂ ಕಣ್ಣು, ಮೂತ್ರಪಿಂಡಗಳ ತೊಂದರೆ ತೀವ್ರವಾಗಿರುತ್ತದೆಂದು ವಿನ್ಸೆಂಟ್ ಮಾನಿಯೆ ತಂಡ 1986ರಲ್ಲೇ ತೋರಿಸಿತ್ತು.

ಇದಕ್ಕೆ ಬಲ ಬಂದದ್ದು ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಅಧ್ಯಯನದಿಂದ. ಟೈಪ್ 1 ಮಧುಮೇಹದ 1,441 ಜನರಲ್ಲಿ ಒಂದು ಗುಂಪಿಗೆ ಬಿಗಿಯಾದ ಚಿಕಿತ್ಸೆ, ಇನ್ನೊಂದಕ್ಕೆ ಆ ಕಾಲದ ಮಾಮೂಲು ಚಿಕಿತ್ಸೆ. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ಆದರೂ ಮೊದಲ ಗುಂಪಿನವರ ಕಣ್ಣು, ಮೂತ್ರಪಿಂಡಗಳು ವರ್ಷಗಳ ನಂತರವೂ ಮೇಲಾಗಿಯೇ ಇದ್ದವು. ಹಳೆಯ ಸಕ್ಕರೆಯನ್ನು ದೇಹ ಮರೆಯುವುದಿಲ್ಲ. ಅಧ್ಯಯನದ ಕೊನೆಯಲ್ಲಿ 216 ಜನರಿಂದ ತೆಗೆದಿದ್ದ ಚರ್ಮದ ತುಣುಕುಗಳು ಆ ನೆನಪಿನ ಒಂದು ಪಾಲನ್ನಾದರೂ ತೋರಿಸಿಕೊಟ್ಟವು. ಆಮೇಲೆ ಚರ್ಮ ಕತ್ತರಿಸುವ ಕೆಲಸವೂ ತಪ್ಪಿತು. ಮುಂದೋಳಿನ ಮೇಲೆ ಬೆಳಕು ಬಿಟ್ಟು ಹೊಳಪನ್ನು ಅಳೆಯುವ ಯಂತ್ರಗಳು ಬಂದವು.

ಇಲ್ಲಿಗೆ ಕಥೆ ಸಲೀಸು. ತೊಡಕು ಶುರುವಾಗುವುದು ವಂಶವಾಹಿಗಳನ್ನು ಜಾಲಾಡಿದಾಗ. ಇದೇ ಅಧ್ಯಯನದವರ ವಂಶವಾಹಿಗಳನ್ನು ಹೊಳಪಿನ ಜೊತೆ ತಾಳೆ ನೋಡಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಹೆಸರು ಎನ್‌ಎಟಿ2. ಸಕ್ಕರೆಗೂ ಇದಕ್ಕೂ ಸಂಬಂಧವೇ ಕಾಣಲಿಲ್ಲ. ರಕ್ತದ ಸಕ್ಕರೆ ಎಷ್ಟೇ ಇರಲಿ, ಈ ವಂಶವಾಹಿಯ ರೂಪಕ್ಕೆ ತಕ್ಕಂತೆ ಹೊಳಪು ಹೆಚ್ಚುಕಡಿಮೆಯಾಗುತ್ತಿತ್ತು.

ಎನ್‌ಎಟಿ2 ವೈದ್ಯರಿಗೆ ಹಳೆಯ ಪರಿಚಯ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯನ್ನು ಯಕೃತ್ತಿನಲ್ಲಿ ಕರಗಿಸುವ ಕಿಣ್ವ ಇದರ ಸೃಷ್ಟಿ. ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ನಿಧಾನ. ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರದವರು 1960ರ ದಶಕದಲ್ಲೇ ಈ ವ್ಯತ್ಯಾಸವನ್ನು ರೋಗಿಗಳಲ್ಲಿ ಅಧ್ಯಯನ ಮಾಡಿದ್ದರು. ಇದೇ ಕಿಣ್ವ ಕಾಫಿಯ ಕೆಫೀನನ್ನೂ ಸಂಭಾಳಿಸುತ್ತದೆ. ಕೆಫೀನ್ ಹೆಚ್ಚು ಸೇವಿಸುವವರ ಚರ್ಮದ ಹೊಳಪೂ ಹೆಚ್ಚು ಎಂದು 2015ರಲ್ಲಿ ಗೊತ್ತಾಯಿತು. ಅಂದರೆ ಯಂತ್ರ ಓದುತ್ತಿರುವುದು ಸಕ್ಕರೆಯ ಕಡತವನ್ನಷ್ಟೇ ಅಲ್ಲ, ಕಾಫಿಯ ಖಾತೆಯನ್ನೂ ಇರಬಹುದು! ಬೆಳಗ್ಗೆ ಎರಡು ಲೋಟ ಫಿಲ್ಟರ್ ಕಾಫಿ ಇಲ್ಲದೆ ದಿನ ಶುರುವಾಗದ ನಾಡಿನವರು ಇದನ್ನು ಗಮನದಲ್ಲಿಡಬೇಕು. ಹಾಗೆಂದು ಕಾಫಿಯಿಂದ ಕಣ್ಣು ಕೆಡುತ್ತದೆಂದು ಯಾರೂ ಹೇಳಿಲ್ಲ. ಗುರುತು ಬೇರೆ, ಕಾರಣ ಬೇರೆ.

2016ರಲ್ಲಿ ಒಂದನೇ ವರ್ಣತಂತುವಿನಲ್ಲಿ ಇನ್ನೊಂದು ತಾಣ ಸಿಕ್ಕಿತು. ಇದು ಎನ್‌ಎಟಿ2ಗಿಂತ ಭಿನ್ನ: ಸಕ್ಕರೆ ಅಂಟಿದ ಪ್ರೊಟೀನುಗಳ ಜೊತೆಗೂ, ರಕ್ತದಲ್ಲಾಗಲಿ ಚರ್ಮದಲ್ಲಾಗಲಿ, ಇದಕ್ಕೆ ನಂಟಿದೆ. ಹೀಗೆ ಒಂದೇ ಅಂಕಿಯ ಹಿಂದೆ ಎರಡು ಬೇರೆ ಬೇರೆ ದಾರಿಗಳು. ಯಾವುದು ಎಷ್ಟು ಎಂದು ಬಿಡಿಸದೆ ಆ ಅಂಕಿಯನ್ನು ಭವಿಷ್ಯವಾಣಿ ಎಂದು ನಂಬುವುದು ಆತುರ.

ನಮ್ಮ ಮಟ್ಟಿಗೆ ಇನ್ನೂ ಒಂದು ಅಡಚಣೆಯಿದೆ. ಕಪ್ಪು ಚರ್ಮದ ಮೆಲನಿನ್ ಬೆಳಕನ್ನು ಹೀರಿಕೊಳ್ಳುವುದರಿಂದ ಯಂತ್ರದ ಅಳತೆಯೇ ತಪ್ಪಬಹುದು. ಈ ಸಂಶೋಧನೆಯ ಬಹುಪಾಲು ನಡೆದಿರುವುದು ಬಿಳಿ ಚರ್ಮದವರ ಮೇಲೆ. ಆರೋಗ್ಯ ಮೇಳದಲ್ಲಿ ಯಾರಾದರೂ ನಿಮ್ಮ ತೋಳಿಗೆ ಬೆಳಕು ಬಿಟ್ಟು ಅಂಕಿ ಹೇಳಿದರೆ ಕೇಳಿಸಿಕೊಳ್ಳಿ, ಗಾಬರಿಯಾಗಬೇಡಿ. ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ, ಪಾದಗಳ ಪರೀಕ್ಷೆ ಮಾತ್ರ ತಪ್ಪಿಸಬೇಡಿ.