ಒಂದು ಲೋಟ ನೀರು, ಒಂದು ಹೆಂಟೆ ಮಣ್ಣು

ಮಾತಿಗೆ ಮೊದಲು ಒಂದು ಚಿಕ್ಕ ಕೆಲಸ. ನಿಮ್ಮ ಹಿತ್ತಲಿನ ಮರದ ಬುಡದಿಂದ ಒಂದು ಹೆಂಟೆ ಮಣ್ಣು ತನ್ನಿ. ಹೆಂಟೆ ಅಂದರೆ ಗಟ್ಟಿ ಮಣ್ಣಿನ ಉಂಡೆ. ಪ್ರತಿವರ್ಷ ಅಗೆದು ಟೊಮ್ಯಾಟೊ ಹಾಕುವ ಜಾಗದಿಂದ ಇನ್ನೊಂದು. ಎರಡನ್ನೂ ಚೆನ್ನಾಗಿ ಒಣಗಿಸಿ, ಎರಡು ಗಾಜಿನ ಲೋಟದ ನೀರಿನಲ್ಲಿ ಮೆಲ್ಲಗೆ ಬಿಡಿ. ಸಾಮಾನ್ಯವಾಗಿ ಅಗೆದ ಜಾಗದ್ದು ಬೇಗ ಕುಸಿದು ನೀರು ರಾಡಿಯಾಗುತ್ತದೆ. ಮರದ ಬುಡದ್ದು ಹಾಗೇ ಕೂತಿರುತ್ತದೆ.

ಎರಡರಲ್ಲೂ ಅದೇ ಮರಳು, ಅದೇ ಜೇಡಿ. ವ್ಯತ್ಯಾಸ ಇರುವುದು ಅಂಟಿನಲ್ಲಿ. ಜೀವಂತ ಬೇರು ಮಣ್ಣಿಗೆ ಸಕ್ಕರೆ ಒಸರುತ್ತದೆ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಅಂಟು ಬಿಡುತ್ತವೆ, ಶಿಲೀಂಧ್ರಗಳು ನೂಲಿನಂಥ ಎಳೆಗಳಿಂದ ಕಣಗಳನ್ನು ಹೊಲಿಯುತ್ತವೆ. ಹೀಗಾದ ಹರಳುಗಳ ನಡುವಿನ ಸಂದಿಯಲ್ಲೇ ಗಾಳಿ, ನೀರು ಓಡಾಡುವುದು. ನೇಗಿಲು ಆ ಎಳೆಗಳನ್ನು ಕತ್ತರಿಸುತ್ತದೆ. ಒಳಗೆ ಗಾಳಿ ನುಗ್ಗಿ, ಸೂಕ್ಷ್ಮಜೀವಿಗಳು ಕೂಡಿಟ್ಟ ಸಾವಯವ ಅಂಶವನ್ನು ಅವಸರದಲ್ಲಿ ತಿಂದು ಮುಗಿಸುತ್ತವೆ. ಮೊದಮೊದಲು ಬೆಳೆ ಚೆನ್ನಾಗಿಯೇ ಬರುತ್ತದೆ, ಮೋಸ ಇರುವುದೇ ಅಲ್ಲಿ. ಆಮೇಲೆ ಮಳೆಹನಿ ಬಿದ್ದಲ್ಲೆಲ್ಲ ಹರಳು ಒಡೆದು, ನುಣ್ಣನೆ ಪುಡಿ ಸಂದಿಗಳನ್ನು ಮುಚ್ಚಿ, ಮೇಲೆ ಹೆಪ್ಪು ಕಟ್ಟುತ್ತದೆ. ಬಿದ್ದ ಮಳೆ ಹೊಲಕ್ಕೆ ಇಳಿಯದೆ ಹಳ್ಳಕ್ಕೆ ಓಡುತ್ತದೆ.

ರೀಜನರೇಟಿವ್ ಕೃಷಿ ಅಂದರೆ ಈ ಅಂಟನ್ನು ಮತ್ತೆ ಕಟ್ಟುವುದು. ಉಳುಮೆ ಕಡಿಮೆ ಮಾಡು, ನೆಲ ಮುಚ್ಚಿಡು, ಸದಾ ಒಂದಲ್ಲ ಒಂದು ಬೇರು ಇರಲಿ, ಹಲವು ಬೆಳೆ ಬೆರೆಸು, ದನ ಮೇಯಿಸು. ನಾವಿರುವ ಅಮೆರಿಕದಲ್ಲೇ, ನಾರ್ತ್ ಡಕೋಟಾದ ಗೇಬ್ ಬ್ರೌನ್ 1993ರಲ್ಲಿ ಉಳುಮೆ ನಿಲ್ಲಿಸಿದರು. 1995ರಿಂದ ನಾಲ್ಕು ವರ್ಷ ಆಲಿಕಲ್ಲು, ಬರ ಸೇರಿ ಬೆಳೆ ಹೊಡೆದುಕೊಂಡು ಹೋಯಿತು. ಗೊಬ್ಬರಕ್ಕೆ ದುಡ್ಡಿಲ್ಲ. ನೆಲಕ್ಕೆ ಬಿದ್ದ ಬೆಳೆಯೇ ಮಣ್ಣಿಗೆ ಹೊದಿಕೆಯಾಯಿತು, ಊಟವೂ ಆಯಿತು. ಶೇಕಡಾ 2ಕ್ಕಿಂತ ಕಡಿಮೆ ಇದ್ದ ಸಾವಯವ ಅಂಶ ಮುಂದೆ ಶೇಕಡಾ 5 ದಾಟಿತು.

ಇದೇನು ಹೊಸದು ಅಂತ ನಿಮ್ಮ ಅಜ್ಜಿ ಕೇಳಬಹುದು. ಹಳೆ ಮೈಸೂರು ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆರೆಸಿ ಬಿತ್ತುವ ಅಕ್ಕಡಿ ಸಾಲು ಬಹಳ ಹಿಂದಿನದು. ರಾಗಿ ಕೊಯ್ದ ಮೇಲೂ ಅವರೆ, ತೊಗರಿಯ ಬೇರು ನೆಲದಲ್ಲಿ ಕೆಲಸ ಮಾಡುತ್ತಿರುತ್ತದೆ. ಹಾಗಂತ ಡಕೋಟಾದ ಪಾಠವನ್ನು ಹಾಗೇ ಊರಿಗೆ ಒಯ್ಯಲಾಗದು. ಅಲ್ಲಿ ಸಾವಿರಾರು ಎಕರೆ, ನಮ್ಮಲ್ಲಿ ಎರಡು. ರಾಗಿ ಹುಲ್ಲನ್ನು ಹೊದಿಕೆ ಮಾಡಿದರೆ ಹಸು ಏನು ತಿನ್ನಬೇಕು? ಉಳದಿದ್ದರೆ ಕಳೆ ಕೀಳುವ ಕೂಲಿ ಎಲ್ಲಿಂದ ತರುವುದು? ನನಗೆ ಕಾಣುವಂತೆ ಬದುವಿನ ಮೇಲೆ ಗ್ಲಿರಿಸಿಡಿಯಾ ನೆಟ್ಟು ಸೊಪ್ಪು ಕಡಿದು ಹೊಲಕ್ಕೆ ಹಾಕುವುದು, ಮಳೆಗಾಲದ ಕೊನೆಗೆ ಹುರುಳಿ ಚೆಲ್ಲುವುದು, ಇಂಥ ಸಣ್ಣ ದಾರಿಗಳೇ ನಮಗೆ ಒಗ್ಗುತ್ತವೆ.

ಇನ್ನು ನಿಮ್ಮ ವಿಷಯ. ನಮ್ಮಲ್ಲಿ ಎಷ್ಟೋ ಮನೆಗಳ ಜಮೀನು ಊರಲ್ಲಿದೆ, ಉಳುವವರು ಬೇರೆಯವರು, ಗುತ್ತಿಗೆ ವರ್ಷದಿಂದ ವರ್ಷಕ್ಕೆ ಬರೀ ಬಾಯಿಮಾತಿನಲ್ಲಿ. ಮಣ್ಣು ಸುಧಾರಿಸಲು ನಾಲ್ಕೈದು ವರ್ಷವಾದರೂ ಬೇಕು. ಮುಂದಿನ ಯುಗಾದಿಗೆ ಹೊಲ ಕೈಯಲ್ಲಿರುತ್ತದೋ ಇಲ್ಲವೋ ಗೊತ್ತಿಲ್ಲದವರು ಗ್ಲಿರಿಸಿಡಿಯಾ ಯಾಕೆ ನೆಡುತ್ತಾರೆ? ಅವರ ತಪ್ಪಲ್ಲ ಅದು. ಆ ಜಮೀನು ನಾಳೆ ನಿಮ್ಮ ಹೆಸರಿಗೆ ಬರುವಂಥದ್ದು. ಈ ಭಾನುವಾರ ಅಪ್ಪ ಊರಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ಕೂತು, ಗುತ್ತಿಗೆ ಎಷ್ಟು ವರ್ಷಕ್ಕೆ ಅಂತ ಒಮ್ಮೆ ಕೇಳಿ ನೋಡಿ.